ಆ ಕಡ್ಡಿ ಕಾರ್ಬನ್ನಿನದೇ ಏಕೆ?

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲಿ ನೀರಿನ ವಿದ್ಯುದ್ವಿಭಜನೆಯ ಚಟುವಟಿಕೆ ಇದೆ. ಪ್ಲಾಸ್ಟಿಕ್ ಮಗ್ಗಿನ ತಳಕ್ಕೆ ಎರಡು ರಂಧ್ರ, ರಬ್ಬರ್ ಬಿರಡೆ, ಎರಡು ಕಾರ್ಬನ್ ವಿದ್ಯುದಗ್ರ, 6 ವೋಲ್ಟ್ ಬ್ಯಾಟರಿ, ಕೆಲವು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ, ಮಗುಚಿಟ್ಟ ಎರಡು ಪ್ರನಾಳ. ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳು ಇಷ್ಟಪಟ್ಟು ಆರಿಸಿಕೊಳ್ಳುವ ಪಾಠಗಳಲ್ಲಿ ಇದೂ ಒಂದು. ಗುಳ್ಳೆ ಏಳುತ್ತದೆ, ಮಕ್ಕಳು ಬೆಂಚಿನಿಂದ ಎದ್ದು ನೋಡುತ್ತಾರೆ, ಕೊನೆಗೆ ಹೈಡ್ರೋಜನ್ 'ಪಟ್' ಎಂದು ಉರಿಯುತ್ತದೆ. ವೀಕ್ಷಣೆಗೆ ಬಂದವರಿಗೂ ಸಮಾಧಾನ.

ಈ ಪಾಠವನ್ನು ನಾನು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಎಷ್ಟು ಸಲ ನೋಡಿದ್ದೇನೆಂದು ಲೆಕ್ಕ ಇಟ್ಟಿಲ್ಲ. ಅವುಗಳಲ್ಲಿ ಎರಡು ಮಾತ್ರ ಮನಸ್ಸಿನಿಂದ ಹೋಗಿಲ್ಲ. ಎರಡರಲ್ಲೂ ತಪ್ಪಿದ್ದು ಪ್ರಶಿಕ್ಷಣಾರ್ಥಿಯಲ್ಲ, ಅಂಕ ಹಾಕಿದ ನಾನು. ಅದನ್ನು ಒಪ್ಪಿಕೊಂಡೇ ಈ ಲೇಖನವನ್ನು ಆರಂಭಿಸಬೇಕು.

ಮೊದಲನೆಯ ಪಾಠ ಅಚ್ಚುಕಟ್ಟಾಗಿತ್ತು. ಪೀಠಿಕೆ, ಉದ್ದೇಶಕಥನ, ಪ್ರಾತ್ಯಕ್ಷಿಕೆ, ಕಪ್ಪುಹಲಗೆಯ ಮೇಲೆ ಸರಿತೂಗಿಸಿದ ಸಮೀಕರಣ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆದವು. ನಡುವೆ ಒಬ್ಬ ಹುಡುಗಿ ಎದ್ದು ಕೇಳಿದಳು: "ಮೇಡಂ, ಆ ಕಡ್ಡಿ ಕಾರ್ಬನ್ನಿಂದೇ ಯಾಕೆ? ಮೊಳೆ ಹಾಕಿದ್ರೆ ಆಗಲ್ವಾ?" ಪ್ರಶಿಕ್ಷಣಾರ್ಥಿ ಒಂದು ಕ್ಷಣ ನನ್ನ ಕಡೆ ನೋಡಿ, "ಅದು ಈ ಪಾಠಕ್ಕೆ ಬರಲ್ಲ, ಕೂತ್ಕೋ" ಎಂದರು. ಪಾಠ ಮುಂದುವರಿಯಿತು. ನಾನು ವೀಕ್ಷಣಾ ಪಟ್ಟಿಯಲ್ಲಿ 'ತರಗತಿ ನಿರ್ವಹಣೆ: ಉತ್ತಮ' ಎಂದು ಬರೆದೆ.

ಎರಡನೆಯದು ಬೇರೊಂದು ಶಾಲೆಯಲ್ಲಿ. ಅಲ್ಲಿ ಪ್ರಯೋಗಾಲಯ ಎಂದರೆ ಬೀಗ ಹಾಕಿದ ಒಂದು ಬೀರು. ಕಾರ್ಬನ್ ಕಡ್ಡಿ ಇರಲಿಲ್ಲ, ಆಮ್ಲವೂ ಇರಲಿಲ್ಲ. ಪ್ರಶಿಕ್ಷಣಾರ್ಥಿ ಎರಡು ಕಬ್ಬಿಣದ ಮೊಳೆ, ಒಂದು ಹಿಡಿ ಅಡುಗೆ ಉಪ್ಪು ತಂದಿದ್ದರು. ಋಣಾಗ್ರದಲ್ಲಿ ಗುಳ್ಳೆ ಚೆನ್ನಾಗಿಯೇ ಎದ್ದಿತು. ಧನಾಗ್ರದಲ್ಲಿ ಅನಿಲದ ಸುಳಿವಿಲ್ಲ, ಬದಲಿಗೆ ಹಸಿರು ಮಿಶ್ರಿತ ಕಂದು ರಾಡಿ ಇಳಿಯತೊಡಗಿತು. ಮಕ್ಕಳು "ಸರ್, ನೀರು ಕೆಟ್ಟೋಯ್ತು" ಎಂದು ನಕ್ಕರು. ಆತ ಬೆವರು ಒರೆಸಿಕೊಂಡು, ಚಾರ್ಟು ತೋರಿಸಿ, ಎರಡಕ್ಕೊಂದು ಎಂಬ ಅನುಪಾತವನ್ನು ಬಾಯಲ್ಲೇ ಹೇಳಿ ಪಾಠ ಮುಗಿಸಿದರು. 'ಪ್ರಯೋಗ ವಿಫಲ, ಪೂರ್ವಸಿದ್ಧತೆ ಸಾಲದು' ಎಂದು ಬರೆದೆ. ಮುಂದಿನ ಪಾಠಗಳಲ್ಲಿ ಆತ ಒಂದೂ ಪ್ರಯೋಗ ಮಾಡಲಿಲ್ಲ. ಎಲ್ಲಕ್ಕೂ ಚಾರ್ಟು. ನಾನು ಅವರಿಗೆ ಕಲಿಸಿದ್ದು ಅದನ್ನೇ.

ಈಗ ಅನ್ನಿಸುತ್ತದೆ, ಆ ಹುಡುಗಿ ಕೇಳಿದ ಪ್ರಶ್ನೆಯೂ ಈತನ ಮಗ್ಗಿನಲ್ಲಿ ಕೂತ ರಾಡಿಯೂ ಒಂದೇ ವಿಷಯದ ಎರಡು ಮುಖಗಳು. ನೀರನ್ನು ಅಗ್ಗವಾಗಿ ವಿಭಜಿಸುವ ಲೋಹ ಯಾವುದು ಎಂದು ಇಂದು ಪ್ರಪಂಚದ ಎಷ್ಟೋ ಪ್ರಯೋಗಾಲಯಗಳು ಹುಡುಕುತ್ತಿರುವುದು ಇದೇ ಪ್ರಶ್ನೆಗೆ ಉತ್ತರವನ್ನು. ನಮ್ಮ ಪಾಠಯೋಜನೆಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ. ಜಾಗ ಕೊಡಬೇಕು, ಅದನ್ನು ಕೊಡುವ ಕೆಲಸ ಶಾಲೆಯಿಂದಲ್ಲ, ನಮ್ಮ ವೀಕ್ಷಣಾ ಪಟ್ಟಿಯಿಂದ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ.

1800ರ ಮಗ್ಗಿನಲ್ಲೂ ರಾಡಿ

ವೋಲ್ಟಾ ತನ್ನ ವಿದ್ಯುತ್ ರಾಶಿಯ ಸುದ್ದಿಯನ್ನು ಹೊರಗೆ ಬಿಟ್ಟದ್ದು 1800ರಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ವಿಲಿಯಂ ನಿಕಲ್ಸನ್ ಮತ್ತು ಆಂಟನಿ ಕಾರ್ಲೈಲ್ ಅಂಥದೊಂದು ರಾಶಿಯನ್ನು ಕಟ್ಟಿದರು. ತಂತಿಯ ಸಂಪರ್ಕ ಸರಿಯಾಗಿರಲೆಂದು ಮೇಲಿನ ತಟ್ಟೆಗೆ ಒಂದು ಹನಿ ನೀರು ಬಿಟ್ಟಾಗ ಅಲ್ಲಿ ಗುಳ್ಳೆ ಕಂಡವು. ನೀರು ತುಂಬಿದ ನಳಿಗೆಯಲ್ಲಿ ಎರಡು ಹಿತ್ತಾಳೆ ತಂತಿಗಳನ್ನು ಇಳಿಸಿ ನೋಡಿದರು. ಒಂದು ತಂತಿಯಿಂದ ಹೈಡ್ರೋಜನ್ ಎದ್ದಿತು. ಇನ್ನೊಂದರಿಂದ ಅನಿಲ ಬರಲಿಲ್ಲ, ತಂತಿಯೇ ಬಣ್ಣಗೆಟ್ಟು ಸವೆಯಿತು. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಹಿತ್ತಾಳೆ ತೆಗೆದು ಪ್ಲಾಟಿನಂ ತಂತಿ ಹಾಕಿದರು. ಆಗ ಎರಡೂ ಕಡೆ ಅನಿಲ ಬಂತು.

ಅಂದರೆ ನೀರನ್ನು ವಿದ್ಯುತ್ತಿನಿಂದ ಒಡೆದ ಆ ಪ್ರಯೋಗವೇ ಮೊದಲ ಸುತ್ತಿನಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯ ಪ್ರಯೋಗದ ಹಾಗೆಯೇ 'ವಿಫಲ'ವಾಗಿತ್ತು. ವ್ಯತ್ಯಾಸ ಇಷ್ಟೇ. ಅವರಿಗೆ ಹಿಂದಿನ ಬೆಂಚಿನಲ್ಲಿ ಕುಳಿತು ಅಂಕ ಹಾಕುವವರು ಇರಲಿಲ್ಲ.

ಧನಾಗ್ರದಲ್ಲಿ ನಡೆಯುವುದನ್ನು ಹೀಗೆ ವಿವರಿಸಬಹುದು. ಬ್ಯಾಟರಿ ಅಲ್ಲಿಂದ ಎಲೆಕ್ಟ್ರಾನುಗಳನ್ನು ಎಳೆದುಕೊಳ್ಳುತ್ತದೆ. ಅವುಗಳನ್ನು ಯಾರು ಕೊಡಬೇಕು? ನೀರು ಕೊಟ್ಟರೆ ಆಕ್ಸಿಜನ್ ಹೊರಬರುತ್ತದೆ. ನೀರಿಗಿಂತ ಸುಲಭವಾಗಿ ಕೊಡಬಲ್ಲ ಲೋಹ ಅಲ್ಲೇ ನಿಂತಿದ್ದರೆ ಅದೇ ಕೊಟ್ಟು ತಾನು ಕರಗುತ್ತದೆ. ಉಪ್ಪುನೀರಿನಲ್ಲಿ ಕಬ್ಬಿಣದ ಮೊಳೆ ಮಾಡಿದ್ದು ಇದನ್ನೇ. ಪಠ್ಯಪುಸ್ತಕ ಕಾರ್ಬನ್ ಹೇಳಿರುವುದಕ್ಕೆ ಕಾರಣವೂ ಇಲ್ಲಿದೆ. ಅದು ಅಗ್ಗ, ವಿದ್ಯುತ್ತನ್ನು ಹರಿಯಬಿಡುತ್ತದೆ, ಆಮ್ಲದಲ್ಲಿ ಲೋಹದ ಹಾಗೆ ಕರಗುವುದಿಲ್ಲ.

ಹಾಗೆಂದು ಕಾರ್ಬನ್ ಏನೂ ಆಗದೆ ಸುಮ್ಮನೆ ಇರುತ್ತದೆಂದೂ ಅಲ್ಲ. ಧನಾಗ್ರದ ಕಾರ್ಬನ್ ಸ್ವಲ್ಪ ಸ್ವಲ್ಪವಾಗಿ ಆಕ್ಸೀಕರಣಗೊಂಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಕಪ್ಪು ಪುಡಿಯನ್ನೂ ಉದುರಿಸುತ್ತದೆ. ಬಂದ ಆಕ್ಸಿಜನ್ ಕೂಡ ಹೈಡ್ರೋಜನ್ನಿಗಿಂತ ಹೆಚ್ಚು ನೀರಿನಲ್ಲಿ ಕರಗುತ್ತದೆ. ಹಾಗಾಗಿ ಶಾಲೆಯ ಮಗ್ಗಿನಲ್ಲಿ ಆಕ್ಸಿಜನ್ ಪ್ರನಾಳ ಅರ್ಧಕ್ಕಿಂತ ಕಡಿಮೆಯೇ ತುಂಬುವುದು ಸಹಜ. ಆದರೂ ನಮ್ಮ ಪ್ರಾಯೋಗಿಕ ದಾಖಲೆ ಪುಸ್ತಕಗಳಲ್ಲಿ ಪ್ರತಿ ವರ್ಷ, ಪ್ರತಿ ಕೈಯಲ್ಲಿ, ಕರಾರುವಾಕ್ಕಾಗಿ 2:1 ಬರುತ್ತದೆ. ಕಂಡದ್ದನ್ನು ಬಿಟ್ಟು ಕಾಣಬೇಕಾದದ್ದನ್ನು ಬರೆಯುವ ಅಭ್ಯಾಸವನ್ನು ನಾವು ಅಷ್ಟು ಚೆನ್ನಾಗಿ ಕಲಿಸಿದ್ದೇವೆ.

'ವರ್ಧಕ' ಎಂಬ ಪದದ ತೊಡಕು

ಕ್ರಿಯಾವರ್ಧಕ ಎಂಬ ಪದ ಹತ್ತನೇ ತರಗತಿಯಲ್ಲಿ ಮುಖ್ಯವಾಗಿ ಬರುವುದು ಕಾರ್ಬನ್ನಿನ ಅಧ್ಯಾಯದಲ್ಲಿ, ಎಣ್ಣೆಗೆ ನಿಕ್ಕಲ್ ಸೇರಿಸಿ ಹೈಡ್ರೋಜನೀಕರಣ ಮಾಡುವ ಕಡೆ. ಮಕ್ಕಳು ಅದನ್ನು ವನಸ್ಪತಿ ತುಪ್ಪದ ಜೊತೆ ಕಂಠಪಾಠ ಮಾಡಿ ಬಿಟ್ಟುಬಿಡುತ್ತಾರೆ. ವಿದ್ಯುದ್ವಿಭಜನೆಯ ಕಡ್ಡಿಗೂ ಆ ಪದಕ್ಕೂ ಸಂಬಂಧವಿದೆಯೆಂದು ನಮ್ಮ ಪ್ರಶಿಕ್ಷಣಾರ್ಥಿಗಳಿಗೇ ಹೊಳೆಯುವುದಿಲ್ಲ. ಕಡ್ಡಿ ಎಂದರೆ ತಂತಿಯ ತುದಿ, ಅಷ್ಟೆ.

ಕನ್ನಡದ 'ವರ್ಧಕ' ಇನ್ನೊಂದು ತಪ್ಪು ತಿಳಿವಳಿಕೆಗೂ ದಾರಿಯಾಗುತ್ತದೆ. ವರ್ಧಿಸುವುದು ಎಂದರೆ ಹೆಚ್ಚಿಸುವುದು. ಹಾಗಾದರೆ ಒಳ್ಳೆಯ ಕ್ರಿಯಾವರ್ಧಕ ಹಾಕಿದರೆ ಅಷ್ಟೇ ನೀರಿನಿಂದ, ಅಷ್ಟೇ ವಿದ್ಯುದಾವೇಶದಿಂದ ಹೆಚ್ಚು ಹೈಡ್ರೋಜನ್ ಬರುತ್ತದೆಯೆ? ಈ ಪ್ರಶ್ನೆಯನ್ನು ನಮ್ಮ ಮೊದಲ ವರ್ಷದವರಿಗೆ ಹಾಕಿ ನೋಡಿ. ಬಹುಪಾಲು ಕೈಗಳು 'ಹೌದು' ಎಂದು ಏಳುತ್ತವೆ.

ನಾನು ಈಚೆಗೆ ಬಾವಿಯ ರಾಟೆಯ ಉದಾಹರಣೆ ಕೊಡುತ್ತೇನೆ. ತುಕ್ಕು ಹಿಡಿದ ರಾಟೆಯಲ್ಲಿ ನೀರು ಸೇದಿದರೆ ತೋಳು ಬಿದ್ದುಹೋಗುತ್ತದೆ. ಎಣ್ಣೆ ಬಿಟ್ಟರೆ ಸಲೀಸು. ಎಣ್ಣೆಯಿಂದ ಕೊಡದಲ್ಲಿ ನೀರು ಹೆಚ್ಚುವುದಿಲ್ಲ. ಬಾವಿಯ ಆಳವೂ ಕಡಿಮೆಯಾಗುವುದಿಲ್ಲ. ದಂಡವಾಗುತ್ತಿದ್ದ ಶ್ರಮ ಮಾತ್ರ ಉಳಿಯುತ್ತದೆ. ನೀರಿನ ವಿಭಜನೆಯಲ್ಲಿ ಬಾವಿಯ ಆಳ ಎಂದರೆ 1.23 ವೋಲ್ಟ್. ಸಾಮಾನ್ಯ ಉಷ್ಣತೆಯಲ್ಲಿ ಯಾವ ಲೋಹ ಹಾಕಿದರೂ ಅದಕ್ಕಿಂತ ಕಡಿಮೆಗೆ ನೀರು ಒಡೆಯದು. ಕಾರ್ಖಾನೆಯ ಘಟಕಗಳು ವಾಸ್ತವದಲ್ಲಿ ನಡೆಯುವುದು ಸುಮಾರು 1.8ರಿಂದ 2 ವೋಲ್ಟಿನಲ್ಲಿ. ನಡುವಿನ ಅಂತರದಲ್ಲಿ ಬಹುಪಾಲು ರಾಟೆಯ ತುಕ್ಕು. ಆ ತುಕ್ಕಿನಲ್ಲಿ ಹೆಚ್ಚಿನದು ಆಕ್ಸಿಜನ್ ಕಡೆಯದು. ಒಂದು ಹೈಡ್ರೋಜನ್ ಅಣುವಿಗೆ ಎರಡು ಎಲೆಕ್ಟ್ರಾನುಗಳ ವ್ಯವಹಾರ ಸಾಕು. ಒಂದು ಆಕ್ಸಿಜನ್ ಅಣು ಆಗಲು ನಾಲ್ಕು ಎಲೆಕ್ಟ್ರಾನು ಹಂತ ಹಂತವಾಗಿ ಹೋಗಬೇಕು, ಎರಡು ಆಕ್ಸಿಜನ್ ಪರಮಾಣುಗಳು ಲೋಹದ ಮೈಮೇಲೆ ಸೇರಿ ಬಂಧ ಬೆಸೆಯಬೇಕು. ಕ್ರಿಯಾವರ್ಧಕ ಈ ಹಂತಗಳಲ್ಲಿ ಕೈಜೋಡಿಸಿ ಕೊನೆಗೆ ತಾನು ಮೊದಲಿನಂತಾಗುತ್ತದೆ. 'ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲ' ಎಂದು ನಮ್ಮವರು ಬರೆಯುವುದೂ ಸರಿಯಲ್ಲ. ಅದು ಭಾಗವಹಿಸುತ್ತದೆ, ಆದರೆ ಖರ್ಚಾಗುವುದಿಲ್ಲ.

ಮೊಬೈಲಿನಲ್ಲಿ 'ನೀರಿನಿಂದ ಓಡುವ ಬೈಕು' ನೋಡಿ ಬಂದ ಹುಡುಗನಿಗೂ ಇದೇ ರಾಟೆ ಉತ್ತರ ಕೊಡುತ್ತದೆ. ಎಣ್ಣೆ ಬಿಟ್ಟ ಮಾತ್ರಕ್ಕೆ ಕೊಡ ತಾನಾಗಿ ಮೇಲೆ ಬರುವುದಿಲ್ಲ.

ಒಂದು ದಶಾಂಶದ ಬೆಲೆ

ಇದೆಲ್ಲ ಸೂಕ್ಷ್ಮದ ಮಾತಾಯಿತು, ಹಳ್ಳಿ ಶಾಲೆಯ ಮಕ್ಕಳಿಗೆ ಏಕೆ ಎಂದು ಕೇಳಬಹುದು. ಒಂದು ಲೆಕ್ಕ ಮಾಡೋಣ. ಒಂದು ಕಿಲೋ ಹೈಡ್ರೋಜನ್ನಿಗೆ ಸುಮಾರು 9 ಲೀಟರ್ ನೀರು ಬೇಕು. ಅದನ್ನು ಒಡೆಯಲು ಬೇಕಾದ ವಿದ್ಯುದಾವೇಶ ಫ್ಯಾರಡೆಯ ನಿಯಮದಿಂದ ನಿಗದಿಯಾಗಿದೆ, ಸುಮಾರು 26,600 ಆಂಪಿಯರ್-ಗಂಟೆ. ಅದನ್ನು ವೋಲ್ಟಿನಿಂದ ಗುಣಿಸಿದರೆ ಶಕ್ತಿ ಸಿಗುತ್ತದೆ. 1.23 ವೋಲ್ಟಿಗೆ ಸುಮಾರು 33 ಯೂನಿಟ್. 1.8 ವೋಲ್ಟಿಗೆ ಸುಮಾರು 48 ಯೂನಿಟ್. 2 ವೋಲ್ಟಿಗೆ 53. ಅಂದರೆ ವೋಲ್ಟೇಜಿನಲ್ಲಿ 0.1 ಉಳಿಸಿದರೆ ಒಂದು ಕಿಲೋಗೆ ಸುಮಾರು 2.7 ಯೂನಿಟ್ ಉಳಿತಾಯ.

2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿನ ಗುರಿ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್. ಅಂದರೆ 500 ಕೋಟಿ ಕಿಲೋ. ಆ ಪ್ರಮಾಣದಲ್ಲಿ 0.1 ವೋಲ್ಟ್ ಎಂದರೆ ವರ್ಷಕ್ಕೆ 1,300 ಕೋಟಿ ಯೂನಿಟ್ಟಿಗೂ ಮೇಲೆ. ಮನೆಯ ಕರೆಂಟು ಬಿಲ್ಲು ಓದಬಲ್ಲ ಯಾವ ಮಗುವಿಗೂ ಈ ಗುಣಾಕಾರ ಕಷ್ಟವಲ್ಲ. ವಿದ್ಯುತ್ ಅಧ್ಯಾಯಕ್ಕೂ ರಸಾಯನಶಾಸ್ತ್ರದ ಅಧ್ಯಾಯಕ್ಕೂ ಇದಕ್ಕಿಂತ ಒಳ್ಳೆಯ ಸೇತುವೆ ನನಗೆ ಗೊತ್ತಿಲ್ಲ.

ಹಾಗಾದರೆ ಅತ್ಯುತ್ತಮ ಲೋಹವನ್ನೇ ಹಾಕಿಬಿಡಬಾರದೆ? ತೊಡಕು ಅಲ್ಲೇ ಇದೆ. ಆಮ್ಲೀಯ ಪೊರೆ ಬಳಸುವ ಆಧುನಿಕ ಘಟಕಗಳಲ್ಲಿ ಹೈಡ್ರೋಜನ್ ಕಡೆ ಪ್ಲಾಟಿನಂ, ಆಕ್ಸಿಜನ್ ಕಡೆ ಇರಿಡಿಯಂ ಬೇಕು. ಈ ಘಟಕಗಳು ಗಾತ್ರದಲ್ಲಿ ಚಿಕ್ಕವು, ಬಿಸಿಲು ಗಾಳಿಗೆ ತಕ್ಕಂತೆ ಏರಿಳಿಯುವ ವಿದ್ಯುತ್ತಿಗೂ ಹೊಂದಿಕೊಳ್ಳುತ್ತವೆ. ಆದರೆ ಇರಿಡಿಯಂ ಪ್ಲಾಟಿನಂ ಗಣಿಗಳ ಉಪಉತ್ಪನ್ನ. ಪ್ರಪಂಚದಲ್ಲಿ ವರ್ಷಕ್ಕೆ ಸಿಗುವುದು ಸುಮಾರು 7–8 ಟನ್ ಮಾತ್ರ, ಅದೂ ಬಹುಪಾಲು ದಕ್ಷಿಣ ಆಫ್ರಿಕಾದಿಂದ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್‌ಗಳು ಬೇಕಾದಷ್ಟು ಅಗ್ಗ, ಆದರೆ ಆಮ್ಲದಲ್ಲಿ ಕರಗಿಹೋಗುತ್ತವೆ. ಲೋಹಕ್ಕೆ ಆಮ್ಲ ಹಾಕಿದರೆ ಏನಾಗುತ್ತದೆಂದು ಎರಡನೇ ಅಧ್ಯಾಯದಲ್ಲಿ ಮಕ್ಕಳು ನೋಡುತ್ತಾರಲ್ಲ, ಅದೇ.

ಕ್ಷಾರದಲ್ಲಿ ಕಥೆ ಬೇರೆ. ಅಲ್ಲಿ ನಿಕ್ಕಲ್ ತಾಳಿಕೊಳ್ಳುತ್ತದೆ. 1960ರ ದಶಕದಲ್ಲೇ ಪಂಜಾಬಿನ ನಂಗಲ್ ರಸಗೊಬ್ಬರ ಕಾರ್ಖಾನೆ ಭಾಕ್ರಾ-ನಂಗಲ್ ಜಲವಿದ್ಯುತ್ತಿನಿಂದ ನೀರನ್ನು ಒಡೆದು ಅಮೋನಿಯಾಕ್ಕೆ ಬೇಕಾದ ಹೈಡ್ರೋಜನ್ ಪಡೆಯುತ್ತಿತ್ತು. 'ಹೈಡ್ರೋಜನ್: ಭವಿಷ್ಯದ ಇಂಧನ' ಎಂದು ಕಾರಿನ ಚಿತ್ರ ಹಾಕಿ ಸ್ಲೈಡು ತೋರಿಸುವ ನಮ್ಮ ಪ್ರಶಿಕ್ಷಣಾರ್ಥಿಗಳು ಇದನ್ನು ತಿಳಿದಿರುವುದು ಒಳ್ಳೆಯದು. ಹೈಡ್ರೋಜನ್ ಹೊಸದಲ್ಲ. ಅದನ್ನು ಅಗ್ಗವಾಗಿ, ಹೊಗೆಯಿಲ್ಲದ ವಿದ್ಯುತ್ತಿನಿಂದ, ಸುಲಭಕ್ಕೆ ಸಿಗುವ ಲೋಹದಿಂದ ಪಡೆಯುವುದು ಹೊಸ ಸವಾಲು.

ಕಲಬೆರಕೆಯೇ ಉತ್ತರವಾದದ್ದು

ತರಗತಿಯಲ್ಲಿ ಹೇಳಲೇಬೇಕೆಂದು ನಾನು ಬಯಸುವ ಒಂದು ಪ್ರಸಂಗವಿದೆ. ನಿಕ್ಕಲ್ ವಿದ್ಯುದಗ್ರ ಇರುವ ಕ್ಷಾರೀಯ ಬ್ಯಾಟರಿಗಳನ್ನು ತಯಾರಿಸುತ್ತಿದ್ದವರಿಗೆ ಕಬ್ಬಿಣ ಒಂದು ಪೀಡೆಯಾಗಿತ್ತು. ನಿಕ್ಕಲ್‌ಗೆ ಸ್ವಲ್ಪ ಕಬ್ಬಿಣ ಬೆರೆತರೂ ಚಾರ್ಜ್ ಮಾಡುವಾಗ ಬ್ಯಾಟರಿ ತುಂಬುವ ಬದಲು ಆಕ್ಸಿಜನ್ ಗುಳ್ಳೆ ಏಳುತ್ತಿತ್ತು. ಹಾಗಾಗಿ ಕಬ್ಬಿಣವನ್ನು ದೂರವಿಡುವುದೇ ಅವರ ಪ್ರಯತ್ನ. 1987ರಲ್ಲಿ ಡೆನಿಸ್ ಕಾರಿಗನ್ ಎಂಬ ಸಂಶೋಧಕರು ಆ ಪೀಡೆಯನ್ನೇ ತಿರುಗಿಸಿ ನೋಡಿದರು. ನಿಕ್ಕಲ್ ಆಕ್ಸೈಡಿನ ತೆಳು ಪದರದಲ್ಲಿ ಕಬ್ಬಿಣದ ಅಲ್ಪ ಅಂಶವಿದ್ದರೂ ಆಕ್ಸಿಜನ್ ಬಿಡುಗಡೆ ಬಹಳ ಸುಲಭವಾಗುತ್ತದೆಂದು ತೋರಿಸಿದರು. ಬ್ಯಾಟರಿಯವರಿಗೆ ಕಾಟವಾದದ್ದು ನೀರು ಒಡೆಯುವವರಿಗೆ ವರವಾಯಿತು.

ಮುಂದೆ 2014ರಲ್ಲಿ ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ಹೆಜ್ಜೆ ಹೋಯಿತು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿದ್ದ ಕಬ್ಬಿಣದ ಸೂಕ್ಷ್ಮ ಕಲ್ಮಶವನ್ನೂ ತೆಗೆದು ನೋಡಿದಾಗ ಬರೀ ನಿಕ್ಕಲ್ ಅಷ್ಟೇನೂ ಒಳ್ಳೆಯ ಕ್ರಿಯಾವರ್ಧಕವಲ್ಲ ಎಂದು ಗೊತ್ತಾಯಿತು. ನಿಕ್ಕಲ್ ಹಳತಾದಷ್ಟೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ವರ್ಷಗಳಿಂದ ಹೇಳುತ್ತಿದ್ದುದರ ಗುಟ್ಟು ದ್ರಾವಣದಿಂದ ಸದ್ದಿಲ್ಲದೆ ಸೇರಿಕೊಳ್ಳುತ್ತಿದ್ದ ಕಬ್ಬಿಣ. ಇಂದು ಕ್ಷಾರದಲ್ಲಿ ಆಕ್ಸಿಜನ್ ಬಿಡಿಸುವ ಅಗ್ಗದ ಕ್ರಿಯಾವರ್ಧಕಗಳ ಮಾತು ಬಂದರೆ ನಿಕ್ಕಲ್-ಕಬ್ಬಿಣದ ಹೈಡ್ರಾಕ್ಸೈಡು ಮುಂಚೂಣಿಯಲ್ಲಿದೆ. ಹೈಡ್ರೋಜನ್ ಕಡೆಗೆ ಪ್ಲಾಟಿನಂ ಬದಲು ಮಾಲಿಬ್ಡಿನಂ ಡೈಸಲ್ಫೈಡಿನಂಥ ವಸ್ತುಗಳ ಮೇಲೆ ಕೆಲಸ ನಡೆದಿದೆ. ನಮ್ಮ ಬೆಂಗಳೂರಿನಲ್ಲೇ ಸಿ.ಎನ್.ಆರ್. ರಾವ್ ಮತ್ತು ಅವರ ಸಂಗಡಿಗರು ಈ ದಿಕ್ಕಿನಲ್ಲಿ ಸಂಶೋಧನೆ ಮಾಡಿದ್ದಾರೆ.

ಈ ಪ್ರಸಂಗದಲ್ಲಿ ನಮಗೆ ಬೇಕಾದ ಪಾಠ ರಸಾಯನಶಾಸ್ತ್ರದ್ದಷ್ಟೇ ಅಲ್ಲ. ಬೇಡದ ಫಲಿತಾಂಶ ಬಂದಾಗ ಅದನ್ನು ಒರೆಸಿಹಾಕದೆ 'ಇದು ಎಲ್ಲಿಂದ ಬಂತು' ಎಂದು ಕೇಳಿದವರಿಗೆ ಅಗ್ಗದ ಲೋಹ ಸಿಕ್ಕಿತು. ನಮ್ಮ ಪ್ರಶಿಕ್ಷಣಾರ್ಥಿಗೆ ನಾನು ಕಲಿಸಿದ್ದು ಒರೆಸಿಹಾಕುವುದನ್ನು.

ಎರಡು ಲೋಟಗಳ ಪ್ರಯೋಗ

ಟೀಕೆ ಮಾಡಿ ಸುಮ್ಮನಾಗುವುದು ಸರಿಯಲ್ಲ. ಕಳೆದ ಎರಡು ವರ್ಷಗಳಿಂದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಬೋಧನಾಭ್ಯಾಸಕ್ಕೆ ಮೊದಲು ಮಾಡಿಸುತ್ತಿರುವ ಚಟುವಟಿಕೆಯೊಂದನ್ನು ಇಲ್ಲಿ ಹೇಳುತ್ತೇನೆ.

ಒಂದೇ ಅಳತೆಯ ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದೊಂದು ಲೋಟ ನೀರಿಗೆ ಎರಡೆರಡು ಚಮಚ ವಾಷಿಂಗ್ ಸೋಡಾ ಕರಗಿಸಿ. ಮಳೆನೀರು ಅಥವಾ ಶುದ್ಧೀಕರಿಸಿದ ಕುಡಿಯುವ ನೀರಾದರೆ ಒಳ್ಳೆಯದು. ಮೊದಲ ಲೋಟದಲ್ಲಿ ಹಳೆಯ ಸೆಲ್ಲಿನಿಂದ ತೆಗೆದು ಚೆನ್ನಾಗಿ ತೊಳೆದ ಎರಡು ಕಾರ್ಬನ್ ಕಡ್ಡಿ ಇಡಿ. ಎರಡನೆಯದರಲ್ಲಿ ಬ್ಯಾಟರಿ ರಿಪೇರಿ ಅಂಗಡಿಯಲ್ಲಿ ಸೆಲ್ಲುಗಳನ್ನು ಜೋಡಿಸಲು ಬಳಸುವ ನಿಕ್ಕಲ್ ಪಟ್ಟಿಯ ಎರಡು ತುಂಡು ಇಡಿ. ಪಟ್ಟಿ ಸಿಗದಿದ್ದರೆ ಮರಳುಕಾಗದದಲ್ಲಿ ಉಜ್ಜಿದ ಸಾದಾ ಕಬ್ಬಿಣದ ಮೊಳೆಯೂ ಆದೀತು. ಕಡ್ಡಿ, ಪಟ್ಟಿಗಳ ನಡುವಿನ ಅಂತರ ಮತ್ತು ನೀರಿನಲ್ಲಿ ಮುಳುಗಿರುವ ಭಾಗ ಎರಡೂ ಲೋಟದಲ್ಲಿ ಆದಷ್ಟು ಒಂದೇ ಇರಲಿ. ಈಗ ಎರಡೂ ಲೋಟಗಳನ್ನು ಸರಣಿಯಲ್ಲಿ ಜೋಡಿಸಿ 6 ವೋಲ್ಟ್ ಬ್ಯಾಟರಿಗೆ ಕೊಡಿ. ಮಲ್ಟಿಮೀಟರಿನಿಂದ ಪ್ರತಿ ಲೋಟದ ತುದಿಗಳ ನಡುವಿನ ವಿಭವಾಂತರ ಅಳೆಯಿರಿ.

ಇಲ್ಲಿ ಸರಣಿ ಜೋಡಣೆಯೇ ಮುಖ್ಯ. ಎರಡೂ ಲೋಟಗಳಲ್ಲಿ ಹರಿಯುವುದು ಒಂದೇ ವಿದ್ಯುತ್ ಪ್ರವಾಹ. ಹಾಗಾಗಿ ಋಣಾಗ್ರದ ಮೇಲೆ ಏಳುವ ಹೈಡ್ರೋಜನ್ ಎರಡರಲ್ಲೂ ಒಂದೇ ಪ್ರಮಾಣ. ಸಣ್ಣ ಪ್ರನಾಳ ಮಗುಚಿ ಅಳೆದು ನೋಡಬಹುದು. ಆದರೆ ಮೀಟರು ಎರಡು ಬೇರೆ ಬೇರೆ ಅಂಕಿ ತೋರಿಸುತ್ತದೆ. ಕಾರ್ಬನ್ ಲೋಟ ಹೆಚ್ಚು ವೋಲ್ಟ್ ತಿನ್ನುತ್ತದೆ, ನಿಕ್ಕಲ್ ಲೋಟ ಕಡಿಮೆ. ಅಷ್ಟೇ ಅನಿಲ, ಕಡಿಮೆ ಶ್ರಮ. ಕ್ರಿಯಾವರ್ಧಕ ಹೆಚ್ಚಿಸುವುದು ಏನನ್ನು, ಹೆಚ್ಚಿಸದೆ ಇರುವುದು ಏನನ್ನು ಎಂಬುದು ಕಣ್ಣೆದುರಿಗೇ ಬರುತ್ತದೆ. ಮೊದಲು ಏಳುತ್ತಿದ್ದ ಆ 'ಹೌದು' ಕೈಗಳು ಇದಾದ ಮೇಲೆ ಇಳಿಯುತ್ತವೆ.

ಇನ್ನೊಂದು ಸಣ್ಣ ಪ್ರಯೋಗ ಮೊಳೆಯದು. ಉಪ್ಪುನೀರಿನಲ್ಲಿ ಕರಗಿ ರಾಡಿಯಾಗುವ ಅದೇ ಮೊಳೆ ವಾಷಿಂಗ್ ಸೋಡಾದ ಕ್ಷಾರದಲ್ಲಿ ತನ್ನ ಮೈಮೇಲೆ ತೆಳುವಾದ ಆಕ್ಸೈಡಿನ ಪದರ ಕಟ್ಟಿಕೊಂಡು, ಸಾಮಾನ್ಯವಾಗಿ ಕರಗದೆ, ಆಕ್ಸಿಜನ್ ಬಿಡುತ್ತದೆ. ಲೋಹ ಒಂದೇ, ನೀರಿನಲ್ಲಿ ಬೆರೆಸಿದ್ದು ಬೇರೆ, ಫಲ ಬೇರೆ. ಆ ಹುಡುಗಿಯ ಪ್ರಶ್ನೆಗೆ ಇದು ಉತ್ತರ. ಮೊಳೆ ಹಾಕಬಹುದು, ಆದರೆ ಎಲ್ಲಿ ಹಾಕುತ್ತೇವೆ ಎಂಬುದು ಮುಖ್ಯ.

ಎಚ್ಚರಿಕೆಯ ಮಾತುಗಳನ್ನೂ ಹೇಳಬೇಕು. ಎರಡೂ ಅನಿಲಗಳನ್ನು ಒಂದೇ ಪಾತ್ರೆಯಲ್ಲಿ ಕೂಡಿಸಬಾರದು, ಆ ಮಿಶ್ರಣ ಸಿಡಿಯುತ್ತದೆ. ಉರಿಸಿ ತೋರಿಸುವುದು ಸಣ್ಣ ಪ್ರನಾಳದಷ್ಟು ಮಾತ್ರ, ಅದೂ ಶಿಕ್ಷಕರೇ. ಕಾರ್ಬನ್ ಕಡ್ಡಿ ಇರುವಲ್ಲಿ ಅಡುಗೆ ಉಪ್ಪು ಬೇಡ, ಕ್ಲೋರಿನ್ ಬರುತ್ತದೆ. ಉಪ್ಪಿನ ಪ್ರಯೋಗ ಬರೀ ಮೊಳೆಯಲ್ಲಿ, ಒಂದೆರಡು ನಿಮಿಷ ಸಾಕು. ಸೋಡಾ ದ್ರಾವಣ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಸ್ಟೇನ್‌ಲೆಸ್ ಸ್ಟೀಲ್ ಚಮಚಗಳನ್ನು ಧನಾಗ್ರವಾಗಿ ಬಳಸದಿರುವುದು ಒಳ್ಳೆಯದು. ಅದರಲ್ಲಿನ ಕ್ರೋಮಿಯಂ ವಿಷಕಾರಿ ರೂಪದಲ್ಲಿ ದ್ರಾವಣಕ್ಕೆ ಇಳಿಯಬಹುದು.

ಆಕ್ಷೇಪಗಳು

ಈ ಮಾತನ್ನು ಸಹೋದ್ಯೋಗಿಗಳ ಮುಂದಿಟ್ಟಾಗ ಮೂರು ಆಕ್ಷೇಪಗಳು ಬಂದವು. ಅವು ಹಗುರವಾದವಲ್ಲ.

ಮೊದಲನೆಯದು ಸಮಯ. ನಲವತ್ತು ನಿಮಿಷದ ಅವಧಿಯಲ್ಲಿ ನಿಕ್ಕಲ್, ಇರಿಡಿಯಂ ಎಲ್ಲಿ ಹಿಡಿಸುತ್ತದೆ? ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಎರಡು ಲೋಟಗಳ ಪ್ರಯೋಗ ಕಾಲೇಜಿನಲ್ಲಿ ಪ್ರಶಿಕ್ಷಣಾರ್ಥಿಗಾಗಿ. ಶಾಲೆಯ ತರಗತಿಯಲ್ಲಿ ನಾನು ಕೇಳುವುದು ಎರಡು ನಿಮಿಷ: 'ಈ ಕಡ್ಡಿ ಬದಲಾಯಿಸಿದರೆ ಏನಾಗಬಹುದು?' ಎಂಬ ಒಂದು ಪ್ರಶ್ನೆ, ಮಕ್ಕಳ ಊಹೆಗಳನ್ನು ಹಲಗೆಯ ಮೂಲೆಯಲ್ಲಿ ಬರೆಯುವಷ್ಟು ಜಾಗ.

ಎರಡನೆಯದು ಪರೀಕ್ಷೆ. ಎಸ್ಸೆಸ್ಸೆಲ್ಸಿಯಲ್ಲಿ ಇದನ್ನು ಕೇಳುವುದಿಲ್ಲ ಎಂದರು. ನಿಜ, ಇರಿಡಿಯಂ ಕೇಳುವುದಿಲ್ಲ. ಆದರೆ ಹೈಡ್ರೋಜನ್ ಪ್ರಮಾಣ ಏಕೆ ಇಮ್ಮಡಿ, ನೀರಿಗೆ ಆಮ್ಲ ಏಕೆ, ಕ್ರಿಯಾವರ್ಧಕ ಎಂದರೇನು, ಸರಣಿಯಲ್ಲಿ ಪ್ರವಾಹ ಏಕೆ ಒಂದೇ ಎಂಬುವೆಲ್ಲ ಅದೇ ಪಠ್ಯದ ಮಾತುಗಳು. ನಾಲ್ಕು ಅಧ್ಯಾಯಗಳಲ್ಲಿ ಚದುರಿರುವುದನ್ನು ಒಂದು ಕಡ್ಡಿ ಕಟ್ಟಿ ಕೊಡುತ್ತದೆ.

ಮೂರನೆಯದು ಹೆಚ್ಚು ಗಂಭೀರ. ಒಬ್ಬ ಹಿರಿಯರು ಹೇಳಿದರು: "ಪ್ರಯೋಗ ಕೈಕೊಟ್ಟರೂ ಅಂಕ ಕೊಡುತ್ತೇವೆ ಎಂದರೆ ಸಿದ್ಧತೆ ಮಾಡದವರಿಗೆ ಅದೇ ನೆಪವಾಗುವುದಿಲ್ಲವೆ?" ಈ ಭಯ ನನಗೂ ಇದೆ. ಮೊಳೆ ತಂದ ಆ ಪ್ರಶಿಕ್ಷಣಾರ್ಥಿ ಹಿಂದಿನ ದಿನ ಒಮ್ಮೆ ಮಾಡಿ ನೋಡಬೇಕಿತ್ತು, ಮಾಡಿರಲಿಲ್ಲ. ಅದಕ್ಕೆ ಅಂಕ ಕಡಿತ ನ್ಯಾಯವೇ. ಆದರೆ ನಾನು ಅಳೆಯದೆ ಬಿಟ್ಟ ಇನ್ನೊಂದಿತ್ತು. ರಾಡಿ ಕಂಡಾಗ "ನಾವು ಅಂದುಕೊಂಡದ್ದು ಬರಲಿಲ್ಲ, ಏನಾಗಿರಬಹುದು?" ಎಂದು ಮಕ್ಕಳನ್ನು ಕೇಳುವ ಧೈರ್ಯ ಆತನಿಗೆ ಇತ್ತೆ? ಇರಲಿಲ್ಲ, ಏಕೆಂದರೆ ನಾನು ಹಿಂದೆ ಕುಳಿತಿದ್ದೆ. ಸಿದ್ಧತೆಯ ಕೊರತೆಯನ್ನೂ ಅನಿರೀಕ್ಷಿತವನ್ನು ಎದುರಿಸುವ ಬಗೆಯನ್ನೂ ನಮ್ಮ ಪಟ್ಟಿ ಒಂದೇ ಅಂಕಣದಲ್ಲಿ ಹಾಕಿ ತೂಗುತ್ತದೆ. ಬೇರೆ ಮಾಡಿದರೆ ನೆಪಕ್ಕೆ ಅವಕಾಶವಿಲ್ಲ.

ನಾವು ಬದಲಿಸಬಹುದಾದದ್ದು

ಪಠ್ಯಪುಸ್ತಕ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಶಾಲೆಯ ಬೀರುವಿಗೆ ಸಾಮಾನು ತುಂಬಿಸುವುದೂ ಇಲ್ಲ. ಪಾಠಯೋಜನೆಯ ನಮೂನೆ ಮತ್ತು ವೀಕ್ಷಣಾ ಪಟ್ಟಿ ನಮ್ಮ ಕೈಯಲ್ಲಿವೆ. ಪಾಠಯೋಜನೆಯಲ್ಲಿ ಬೋಧನೋಪಕರಣಗಳ ಪಟ್ಟಿಯ ಕೆಳಗೆ ಒಂದು ಸಾಲು ಸೇರಿಸೋಣ: 'ಈ ಪ್ರಯೋಗ ಪುಸ್ತಕದಂತೆ ಬರದಿರಲು ಏನು ಕಾರಣಗಳಿರಬಹುದು?' ಇದನ್ನು ತುಂಬಬೇಕಾದವರು ಹಿಂದಿನ ದಿನ ಪ್ರಯೋಗ ಮಾಡಿ ನೋಡಲೇಬೇಕು. ಪ್ರತಿ ಉಪಕರಣದ ಪಕ್ಕದಲ್ಲಿ 'ಇದೇ ಏಕೆ?' ಎಂದು ಎರಡು ಪದ ಬರೆಸೋಣ. ವೀಕ್ಷಣಾ ಪಟ್ಟಿಯಲ್ಲಿ 'ವಿದ್ಯಾರ್ಥಿಗಳ ಅನಿರೀಕ್ಷಿತ ಪ್ರಶ್ನೆ ಅಥವಾ ಫಲಿತಾಂಶವನ್ನು ಬಳಸಿಕೊಂಡ ಬಗೆ' ಎಂದು ಒಂದು ಅಂಶ ಇಟ್ಟು, 'ತರಗತಿ ನಿರ್ವಹಣೆ'ಯಿಂದ ಅದನ್ನು ಬೇರೆಯಾಗಿಸೋಣ. ದಾಖಲೆ ಪುಸ್ತಕದಲ್ಲಿ 2:1 ಬದಲು ಕಂಡ ಅಳತೆಯನ್ನೇ ಬರೆದು ಕಾರಣ ಕೊಟ್ಟವರಿಗೆ ಪೂರ್ಣ ಅಂಕ ಕೊಡೋಣ.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ ಹಿಂದಿನ ಬೆಂಚಿನ ಕಡೆ ನೋಡಬೇಡಿ. "ನನಗೂ ಸರಿಯಾಗಿ ಗೊತ್ತಿಲ್ಲ, ನಾಳೆ ಮೊಳೆ ತರ್ತೀಯಾ, ನೋಡೋಣ" ಎಂದರೆ ಸಾಕು. ಮರುದಿನ ಆ ಮಗು ಮೊಳೆ ತಂದೇ ತರುತ್ತದೆ. ನೀವು ಮನೆಯಿಂದ ಒಂದು ಪೊಟ್ಟಣ ವಾಷಿಂಗ್ ಸೋಡಾ ತನ್ನಿ.

ಮೊದಲು ಹೇಳಿದ ಆ ಹುಡುಗಿ ಈಗ ಹತ್ತನೇ ತರಗತಿ ದಾಟಿ ಹೋಗಿರುತ್ತಾಳೆ. ಅವಳ ಪ್ರಶ್ನೆಯನ್ನು ಮುಚ್ಚಿಸಿದ ಪಾಠಕ್ಕೆ ನಾನು ಕೊಟ್ಟ ಅಂಕ ಕಡತದಲ್ಲಿ ಹಾಗೆಯೇ ಇದೆ. ತಿದ್ದಲು ಬರುವುದಿಲ್ಲ. ಈ ವರ್ಷದ ಬೋಧನಾಭ್ಯಾಸ ಮಾತ್ರ ಇನ್ನೂ ಆರಂಭವಾಗಿಲ್ಲ. ಪಟ್ಟಿಗಳು ಮುದ್ರಣಕ್ಕೆ ಹೋಗುವ ಮೊದಲು ನಾವು ಬೋಧಕರು ಒಮ್ಮೆ ಕೂತು ಮಾತಾಡೋಣ ಎಂದು ಕೇಳಿಕೊಳ್ಳುತ್ತೇನೆ.